ವಿದ್ಯುತ್ ವಿತರಣಾ ಸಂಸ್ಥೆಯೂ ಸಣ್ಣ ಗುತ್ತಿಗೆದಾರನೂ

ಮನೆಗೆ ವಿದ್ಯುತ್ತನ್ನು ತಂದು ಮೀಟರಿಗೆ ಮುಟ್ಟಿಸುವುದು ವಿತರಣಾ ಸಂಸ್ಥೆಯ ಕರ್ತವ್ಯ. ಮೀಟರಿನಿಂದ ಒಳಗಿನ ವೈರಿಂಗ್ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರು ಮಾಡಬೇಕೆಂಬುದು 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿಯೇ ಇದ್ದ ಏರ್ಪಾಡು. ಬಲ್ಬು, ಫ್ಯೂಸು ಬದಲಿಸುವಂತಹ ಸಣ್ಣ ಕೆಲಸಗಳಿಗೆ ಮಾತ್ರ ಇದರಿಂದ ವಿನಾಯಿತಿ ಇತ್ತು. ಈ ಕೆಲಸವನ್ನೇ ನಂಬಿ ಅನೇಕ ಸಣ್ಣ ಗುತ್ತಿಗೆದಾರರು ಜೀವನ ಸಾಗಿಸುತ್ತಾರೆ. ವಿತರಣಾ ಸಂಸ್ಥೆಯೇ ಇಂತಹ ಸೇವೆಗೆ ಇಳಿದರೆ ಪರಿಣಾಮವೇನು?

ಅಸಮ ಸ್ಪರ್ಧೆ

ಸಂಸ್ಥೆಗೆ ಪ್ರತಿಯೊಬ್ಬ ಗ್ರಾಹಕನ ವಿಳಾಸವೂ ಬಳಕೆಯೂ ತಿಳಿದಿರುತ್ತದೆ. ಬಿಲ್ಲಿನ ಜೊತೆಗೇ ಅದು ತನ್ನ ಸೇವೆಯನ್ನು ಪ್ರಚಾರ ಮಾಡಬಲ್ಲದು. ಅದರ ಕಚೇರಿ, ವಾಹನ, ಸಿಬ್ಬಂದಿಯ ವೆಚ್ಚವು ವಿದ್ಯುತ್ ದರದಿಂದ ಬರುತ್ತದೆ. ಈ ವೆಚ್ಚದ ಪಾಲನ್ನು ಹೊಸ ಸೇವೆಯ ಲೆಕ್ಕಕ್ಕೆ ಹಾಕದಿದ್ದರೆ ಸೇವೆಯ ಬೆಲೆ ಅಗ್ಗವಾಗಿ ತೋರುತ್ತದೆ. ಗುತ್ತಿಗೆದಾರನಾದರೋ ಎಲ್ಲ ವೆಚ್ಚವನ್ನೂ ತನ್ನ ಕೂಲಿಯಿಂದಲೇ ಭರಿಸಬೇಕು. ಇದರಿಂದ ಅವನು ಕೆಲಸ ಕಳೆದುಕೊಳ್ಳುತ್ತಾನೆ. ಸೇವೆ ಪಡೆಯದ ಗ್ರಾಹಕನೂ ತನಗರಿವಿಲ್ಲದೆ ಅದರ ಹೊರೆ ಹೊರುತ್ತಾನೆ.

ಕಾಯ್ದೆಯ ಕಟ್ಟುಪಾಡು

2003ರ ವಿದ್ಯುಚ್ಛಕ್ತಿ ಕಾಯ್ದೆಯ 51ನೆಯ ಪ್ರಕರಣವು ಇಂತಹ ಇತರ ವ್ಯವಹಾರವನ್ನು ನಿಷೇಧಿಸಿಲ್ಲ. ಅದಕ್ಕೆ ಷರತ್ತುಗಳನ್ನು ವಿಧಿಸಿದೆ. ಸಂಸ್ಥೆಯು ನಿಯಂತ್ರಣ ಆಯೋಗಕ್ಕೆ ಮುಂಚಿತವಾಗಿ ತಿಳಿಸಬೇಕು. ಪ್ರತಿ ವ್ಯವಹಾರಕ್ಕೂ ಪ್ರತ್ಯೇಕ ಲೆಕ್ಕ ಇಡಬೇಕು. ವಿತರಣೆಯ ಹಣದಿಂದ ಅದಕ್ಕೆ ನೆರವು ನೀಡಕೂಡದು. ಬಂದ ಆದಾಯದ ಒಂದು ಪಾಲನ್ನು ವಿದ್ಯುತ್ ಸಾಗಣೆಯ ಶುಲ್ಕವನ್ನು ತಗ್ಗಿಸಲು ಬಳಸಬೇಕು. ಕಾಯ್ದೆ ಜಾರಿಗೆ ಬರುವ ಮೊದಲೇ ವಿತರಣೆಯಲ್ಲಿ ತೊಡಗಿದ್ದ ಸ್ಥಳೀಯ ಪ್ರಾಧಿಕಾರಗಳಿಗೆ ಮಾತ್ರ ಈ ಪ್ರಕರಣ ಅನ್ವಯಿಸುವುದಿಲ್ಲ.

ಸೌರ ಫಲಕಗಳ ಉದಾಹರಣೆ

ಫೆಬ್ರವರಿ 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯು ಒಂದು ಕೋಟಿ ಮನೆಗಳ ಛಾವಣಿಯ ಮೇಲೆ ಸೌರ ಫಲಕ ಅಳವಡಿಸುವ ಗುರಿ ಹೊಂದಿದೆ. ನೋಂದಾಯಿತ ಮಾರಾಟಗಾರರಲ್ಲಿ ಒಬ್ಬರನ್ನು ಗ್ರಾಹಕನೇ ಆರಿಸಿಕೊಳ್ಳಬಹುದು. ಕೆಲಸದ ತಪಾಸಣೆ ಮತ್ತು ನೆಟ್ ಮೀಟರ್ ಅಳವಡಿಕೆ ವಿತರಣಾ ಸಂಸ್ಥೆಗೆ ಸೇರಿದ್ದು. ವಿತರಣಾ ಸಂಸ್ಥೆಯೇ ಮನೆಗಳ ಪರವಾಗಿ ಫಲಕ ಅಳವಡಿಸುವ ಮಾದರಿಗೂ ಅದೇ ವರ್ಷದ ಡಿಸೆಂಬರಿನಲ್ಲಿ ಮಾರ್ಗಸೂಚಿ ಹೊರಟಿತು. ಮೊದಲೇ ಹಣ ಹೂಡಲಾಗದ ಕುಟುಂಬಗಳಿಗೆ ಇದರಿಂದ ಅನುಕೂಲ. ಆದರೆ ಪರೀಕ್ಷಕನೂ ಸ್ಪರ್ಧಿಯೂ ಒಬ್ಬನೇ ಆಗುವ ಕಡೆ, ಎಲ್ಲರ ಕೆಲಸಕ್ಕೂ ಒಂದೇ ಅಳತೆಗೋಲು ಇರುವುದು ಅತ್ಯಗತ್ಯ.

ಗ್ರಾಹಕರು ಮಾಡಬೇಕಾದುದು

ಕೆಲಸ ಒಪ್ಪಿಸುವ ಮುನ್ನ ಎರಡು ಮೂರು ಕಡೆ ದರ ವಿಚಾರಿಸಿ, ಪರವಾನಗಿಯನ್ನು ಪರಿಶೀಲಿಸುವುದು ಒಳ್ಳೆಯದು. ವಿದ್ಯುತ್ ದರ ನಿಗದಿಗಾಗಿ ಸಂಸ್ಥೆ ಸಲ್ಲಿಸುವ ಅರ್ಜಿಯ ಸಾರಾಂಶ ಪ್ರಕಟವಾಗುತ್ತದೆ. ಅದಕ್ಕೆ ಸಾರ್ವಜನಿಕರು ಆಯೋಗದ ಮುಂದೆ ಆಕ್ಷೇಪಣೆ ಸಲ್ಲಿಸಬಹುದು. ಇತರ ವ್ಯವಹಾರದ ವೆಚ್ಚ ವಿದ್ಯುತ್ ದರದಲ್ಲಿ ಸೇರಿದೆಯೇ ಎಂದು ಅಲ್ಲಿ ಕೇಳುವ ಗ್ರಾಹಕನು ತನ್ನ ಹಿತದೊಡನೆ ಗುತ್ತಿಗೆದಾರನ ಹಿತವನ್ನೂ ಕಾಯುತ್ತಾನೆ.