ಸುಡುಗುಂಡಿಯ ಪಾಠಗಳು

ನೆಲ ತೋಡಿ, ಕಲ್ಲು ಕಾಯಿಸಿ, ಎಲೆ ಸುತ್ತಿದ ಆಹಾರವನ್ನು ಮಣ್ಣಿನಡಿ ಬೇಯಿಸುವುದು ನ್ಯೂಜಿಲೆಂಡಿನ ಮಾವೋರಿಗಳಲ್ಲಿ ಇಂದಿಗೂ ಇದೆ. ಅದನ್ನವರು ಹಾಂಗಿ ಎನ್ನುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಅದರ ಹತ್ತಿರದ ನೆಂಟ ಸೀತನಿ: ಹೊಲದ ಗುಂಡಿಯಲ್ಲಿ ಕುಳ್ಳಿನ ಕೆಂಡಕ್ಕೆ ಎಳೆ ಜೋಳದ ತೆನೆ ಸುಡುವುದು. ಶಿಲಾಯುಗದವರ ಅಡುಗೆಯನ್ನು ಮಾಡಿ ನೋಡಿಯೇ ತಿಳಿಯಬೇಕೆಂದು ರಾಂಪುರದ ಸುತ್ತ ಗುಂಡಿ ತೋಡುವ ನಮಗೆ ಗಟ್ಟಿಯಾದ ಪಾಠಗಳಿವು.

1. ಬ್ರಹ್ಮಗಿರಿಯಿಂದ ದೂರವಿರಿ. 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ಕಲ್ಲುಕೊಡಲಿಯವರ ಪದರಗಳು ಸಿಕ್ಕಿದ್ದು ಅಲ್ಲೇ. ಅಶೋಕನ ಶಾಸನವಿರುವ ಸಂರಕ್ಷಿತ ನೆಲ ಅದು. ಒಪ್ಪಿಗೆ ಪಡೆದ ಬೇರೆ ಹೊಲದಲ್ಲಿ ತೋಡಿ, ಮುಚ್ಚುವಾಗ ತಳದಲ್ಲೊಂದು ಈಚಿನ ನಾಣ್ಯವಿಡಿ. ಮುಂದೆ ಅಗೆಯುವವರು ನಮ್ಮ ಬೂದಿಯನ್ನು ನಾಲ್ಕು ಸಾವಿರ ವರ್ಷದ್ದೆಂದು ತಿಳಿಯಬಾರದು.

2. ಶೇಂಗಾ ಬಿಡಿ. ಶೇಂಗಾ ಬೆಳೆಯುವ ಚಳ್ಳಕೆರೆ ಸೀಮೆಯಲ್ಲಿ ಈ ಮಾತು ಹೇಳುವುದು ಕಷ್ಟ. ಆದರೆ ಶೇಂಗಾ, ಮೆಕ್ಕೆಜೋಳ, ಸಿಹಿಗೆಣಸು, ಮೆಣಸಿನಕಾಯಿ ಎಲ್ಲವೂ ಅಮೆರಿಕದಿಂದ ಬಂದವು. ಬೇಲಿಯ ಬಳ್ಳಾರಿ ಜಾಲಿಯೂ ಅಷ್ಟೇ, ಅದರ ಸೌದೆ ಬೇಡ. ಬಳ್ಳಾರಿ ಬಳಿಯ ಸಂಗನಕಲ್ಲಿನ ಶಿಲಾಯುಗದ ನೆಲೆಯ ಮಣ್ಣನ್ನು ನೀರಲ್ಲಿ ತೇಲಿಸಿ ಹೆಕ್ಕಿದ ಕರಕಲಾದ ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆ ಇದ್ದವು. ಕೊರಲೆ ಹಿಟ್ಟನ್ನು ಮುತ್ತುಗದೆಲೆಯಲ್ಲಿ ಕಟ್ಟಿ ಹೂಳಿದರೆ ಸೊಗಸಾಗಿ ಬೇಯುತ್ತದೆ.

3. ಸಗಣಿಯನ್ನು ಬಡವರ ಸೌದೆ ಎಂದು ಕಡೆಗಣಿಸಬೇಡಿ. ಸಂಗನಕಲ್ಲಿನ ಪಕ್ಕದ ಕುಪ್ಗಲ್ಲಿನ ಬೂದಿದಿಬ್ಬ ದನದ ಸಗಣಿ ಸುಟ್ಟು ಬೆಳೆದದ್ದು. ಪುರಾತತ್ವಜ್ಞ ರೇಮಂಡ್ ಆಲ್ಚಿನ್ 1963ರ ಪುಸ್ತಕದಲ್ಲಿ ಇಂಥ ದಿಬ್ಬಗಳನ್ನು ದನಗಾಹಿಗಳ ದೊಡ್ಡಿಗಳಿಗೆ ಜೋಡಿಸಿದರು. ಇವುಗಳಲ್ಲಿ ಕೆಲವೆಡೆ ಬೂದಿ ಕರಗಿ ಕಿಟ್ಟದಂತೆ ಗಟ್ಟಿಯಾಗಿದೆ, ಉರಿ ಅಷ್ಟು ಜೋರಿತ್ತು. ಅದೇ ಸಗಣಿ ಗಾಳಿ ಕಟ್ಟಿದರೆ ರಾತ್ರಿಯಿಡೀ ಮೆಲ್ಲಗೆ ಕನಲುತ್ತದೆ. ಹೀಗಾಗಿ ಗುಂಡಿಯ ಬಾಯನ್ನು ಎಷ್ಟು ಮುಚ್ಚಬೇಕೆಂಬುದೇ ಇಡೀ ವಿದ್ಯೆ. ಅದನ್ನು ಕಲಿಸಬಲ್ಲವರು ಸೀತನಿ ಸುಟ್ಟು ಪಳಗಿದ ರೈತರು. ಅವರ ಹೆಸರು ವರದಿಯಲ್ಲಿ ನಮ್ಮ ಹೆಸರಿನ ಪಕ್ಕದಲ್ಲೇ ಬರಬೇಕು.

4. ಹಳ್ಳದ ಹಸಿ ಕಲ್ಲು ಬೇಡ, ಸಿಡಿಯುತ್ತದೆ. ಒಣ ಕಣಶಿಲೆಯೂ ಬಿರಿಯಬಹುದು: ಅದರೊಳಗಿನ ಬೆಣಚು 573 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಹಿಗ್ಗುತ್ತದೆ. ಬಿರಿದ ಚೂರುಗಳನ್ನು ಎಸೆಯದೆ ಚಿತ್ರ ಬರೆದಿಡಿ.

5. ಉಂಡಾದ ಮೇಲೆ ಒಂದು ಗುಂಡಿಯನ್ನು ಮಳೆಗಾಲ ಮುಗಿಯುವವರೆಗೆ ಬಿಟ್ಟು, ಕುಂಚ ಹಿಡಿದು ಅಗೆಯಿರಿ. ಕೆಂಪೇರಿದ ಅಂಚು, ಇದ್ದಿಲು, ಬಿರಿದ ಕಲ್ಲು, ಕೈಜಾರಿ ಕರಕಲಾದ ಹುರುಳಿ ಸಿಗುತ್ತವೆ. ಹದವಾಗಿ ಬೆಂದು ಹೊಟ್ಟೆ ಸೇರಿದ ಕಾಡುಗೆಣಸು ಕಣ್ಣಿಗೆ ಬೀಳುವ ಗುರುತು ಬಿಡುವುದಿಲ್ಲ. ಕರಕಲಾದ ಕಾಳಿನ ಪಟ್ಟಿಯನ್ನೇ ಆ ಜನರ ಪೂರ್ತಿ ಊಟವೆಂದು ಬರೆಯುವುದನ್ನು ನಾವು ನಿಲ್ಲಿಸಿದ್ದು ಇದಕ್ಕೇ.