ಚಿಕ್ಕೋಡಿ–ಅಥಣಿ ಸೀಮೆಯ ದೇವದಾಸಿಯರು: ಪರೀಕ್ಷಾ ಟಿಪ್ಪಣಿ

ಚಿಕ್ಕೋಡಿ, ರಾಯಬಾಗ, ಅಥಣಿ ಮತ್ತು ಇವುಗಳಿಂದ ಬೇರ್ಪಟ್ಟ ನಿಪ್ಪಾಣಿ, ಕಾಗವಾಡ ತಾಲೂಕುಗಳ ಸಾಮಾಜಿಕ ಇತಿಹಾಸದಲ್ಲಿ ದೇವದಾಸಿ ಪದ್ಧತಿ ತಪ್ಪದೆ ಓದಬೇಕಾದ ಭಾಗ. ಸವದತ್ತಿಯ ಯಲ್ಲಮ್ಮ, ಅಥಣಿ ತಾಲೂಕಿನ ಕೋಕಟನೂರ ಯಲ್ಲಮ್ಮ ಇಲ್ಲಿ ಹೆಣ್ಣುಮಕ್ಕಳನ್ನು ಅರ್ಪಿಸುತ್ತಿದ್ದ ಪ್ರಮುಖ ದೇವತೆಗಳು.

ಕೆಂಪು–ಬಿಳಿ ಮಣಿಗಳ ಸರವನ್ನು ಹುಡುಗಿಯ ಕೊರಳಿಗೆ ಹಾಕುವುದೇ ‘ಮುತ್ತು ಕಟ್ಟುವುದು’. ಆಮೇಲೆ ಆಕೆಗೆ ಮದುವೆ ಇರುತ್ತಿರಲಿಲ್ಲ. ಹೀಗೆ ದೇವಿಗೆ ಬಿಡಲ್ಪಟ್ಟವರಲ್ಲಿ ಹೆಚ್ಚಿನವರು ದಲಿತ ಕುಟುಂಬದ ಹೆಣ್ಣುಮಕ್ಕಳು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮುಪ್ಪಿನ ತಂದೆತಾಯಿಯನ್ನು ಸಾಕುವ ಹೊರೆ ಆಕೆಯ ಮೇಲೆ ಬೀಳುತ್ತಿತ್ತು. ತಲೆಯಲ್ಲಿ ಜಡೆ ಗಂಟುಕಟ್ಟಿದರೆ ದೇವಿ ಕರೆದಳೆಂದು ನಂಬುತ್ತಿದ್ದರು. ಭಕ್ತಿಗಿಂತ ಬಡತನ ಮತ್ತು ಜಾತಿಯ ಬಲವೇ ಇಲ್ಲಿ ದೊಡ್ಡದು. ಉತ್ತರ ಬರೆಯುವಾಗ ಇದನ್ನು ಬಿಡಬಾರದು.

ಕಾನೂನಿನಲ್ಲಿ ಅಭ್ಯರ್ಥಿಗಳು ಎಡವುವ ಜಾಗ ಒಂದಿದೆ. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಆದ್ದರಿಂದ ಇಲ್ಲಿಗೆ ಮೊದಲು ಅನ್ವಯಿಸಿದ್ದು 1934ರ ಮುಂಬಯಿ ದೇವದಾಸಿ ಸಂರಕ್ಷಣಾ ಕಾಯ್ದೆ. ಬಳಿಕ ಬಂದದ್ದು ಕರ್ನಾಟಕ ದೇವದಾಸಿ (ಸಮರ್ಪಣಾ ನಿಷೇಧ) ಕಾಯ್ದೆ, 1982. ಇದರಡಿ ಮುತ್ತು ಕಟ್ಟಿದವರಿಗೆ 3 ವರ್ಷದವರೆಗೆ ಸೆರೆ ನಿಗದಿಯಾಗಿತ್ತು. ತಂದೆತಾಯಿ, ಪೋಷಕರು, ಬಂಧುಗಳೇ ಅಪರಾಧಿಗಳಾದರೆ 2ರಿಂದ 5 ವರ್ಷ ಇತ್ತು.

ಕಾನೂನು ಬಂದರೂ ಬದಲಾವಣೆಯ ದೊಡ್ಡ ಪಾಲು ದೇವದಾಸಿ ಮಹಿಳೆಯರದೇ ಎಂಬುದನ್ನು ಗಟ್ಟಿಯಾಗಿ ಹೇಳಬೇಕು. 1997ರಲ್ಲಿ ಘಟಪ್ರಭಾದಲ್ಲಿ ಆರಂಭವಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ (ಮಾಸ್) ಮಾಜಿ ದೇವದಾಸಿಯರದೇ ಸಂಘಟನೆ. ಇದನ್ನು ಮುನ್ನಡೆಸಿದ, ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ ಅವರು ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡವರು. ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು.