ಕುದಿಸಿದ ಇಕ್ಕಳ ಸಾಕೆ?

ಶಾಗ್ಯದಿಂದ ಬರೆದಿರುವ ನಿಮ್ಮ ಆತಂಕ ಸರಿಯಾದದ್ದೇ. ಹಲ್ಲು ಕೀಳುವ ಇಕ್ಕಳವನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದರೆ, ಅಷ್ಟೇಕೆ, ಕುದಿಸಿದರೂ ಕೆಲವು ಬ್ಯಾಕ್ಟೀರಿಯಾಗಳ ಬೀಜಕಣ ಸಾಯುವುದಿಲ್ಲ. ಅದಕ್ಕೆ ಆಟೋಕ್ಲೇವ್ ಬೇಕು. ಒತ್ತಡದ ಹಬೆ, 121 ಡಿಗ್ರಿ ಸೆಲ್ಸಿಯಸ್. ಪೊಟ್ಟಣ ಕಟ್ಟಿದ ಉಪಕರಣಕ್ಕೆ ಸಾಮಾನ್ಯವಾಗಿ 30 ನಿಮಿಷ. ಪೊಟ್ಟಣವನ್ನು ನಿಮ್ಮೆದುರೇ ಬಿಡಿಸಲು ಹೇಳಿ. ಸಂಕೋಚ ಬೇಡ, ಒಳ್ಳೆಯ ವೈದ್ಯರು ಇದಕ್ಕೆ ಮುನಿಯುವುದಿಲ್ಲ. ಕೈಗವಸು ಪ್ರತಿ ರೋಗಿಗೂ ಹೊಸದು, ಸೂಜಿಯೂ ಹೊಸದು. ಹೆಪಟೈಟಿಸ್ ಬಿ ರಕ್ತದಿಂದ ಹರಡುತ್ತದೆ, ಸೋಂಕಿರುವವರ ಮುಖದಲ್ಲಿ ಅದು ಕಾಣುವುದಿಲ್ಲ.

ನನಗೆ ಇದಕ್ಕಿಂತ ಹೆಚ್ಚು ಕಳವಳ ತಂದದ್ದು ಬೇರೆ. ನಿಮ್ಮ ತಂದೆಗೆ ಸಕ್ಕರೆ ಕಾಯಿಲೆ, ಹೃದಯಕ್ಕೆ ಆಸ್ಪಿರಿನ್. ಆದರೂ ಹಲ್ಲು ಕೀಳುವವರು ಬಾಯಿ ತೆರೆಸುವ ಮುನ್ನ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ! ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಗಾಯ ಮಾಯುವುದು ತಡ, ಸೋಂಕು ಸುಲಭ. ಹಾಗೆಂದು ಆಸ್ಪಿರಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಒಂದು ಹಲ್ಲು ಕೀಳಲು ಸಾಮಾನ್ಯವಾಗಿ ನಿಲ್ಲಿಸಬೇಕಾಗಿಲ್ಲ, ಹತ್ತಿ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ನಿಲ್ಲಿಸಿದರೆ ಹೃದಯಕ್ಕೇ ಅಪಾಯ. ಹೃದಯದ ಕವಾಟ ಬದಲಿಸಿದ್ದರೆ ಅದನ್ನು ಮೊದಲೇ ಹೇಳಿ, ಮುಂಚಿತವಾಗಿ ಆ್ಯಂಟಿಬಯಾಟಿಕ್ ಬೇಕಾಗುತ್ತದೆ.

ಎಲ್ಲ ಮಾತ್ರೆಗಳ ಪಟ್ಟಿ, ಇತ್ತೀಚಿನ ಸಕ್ಕರೆ ವರದಿ ಹಿಡಿದು ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ತಂದೆಗೆ ಬೆಳಿಗ್ಗೆ ತಿಂಡಿ ತಿನ್ನಿಸಿಯೇ ಕರೆದೊಯ್ಯಿರಿ.